ನನ್ನ ಹೆಸರಿನ ಇನ್ನೊಬ್ಬಳು

ಆಂಧ್ರದ ಆದೋನಿ ಬಸ್‌ಸ್ಟ್ಯಾಂಡಿನಲ್ಲಿ, ಶಾಲೆ ಮುಗಿಸಿ ಹಾಲಹರವಿ ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಗುರುತಿಲ್ಲದ ಒಬ್ಬ ಗಂಡಸು ಎದುರಿಗೆ ಬಂದು ನನ್ನ ಕೈಗೆ ಬಿಸಿ ಉಗ್ಗಾಣಿಯ ಪೊಟ್ಟಣ ಕೊಟ್ಟ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟರೆ ಉಗ್ಗಾಣಿ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ನಮ್ಮ ಊರಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಈ ಪೊಟ್ಟಣದಲ್ಲಿ ಬಜ್ಜಿ ಇರಲಿಲ್ಲ. ಮೇಲೆ ಸಕ್ಕರೆ ಉದುರಿಸಿತ್ತು.

"ಬಜ್ಜಿ ಹಾಕಿಸಿಲ್ರಿ. ನಿಮಗ ಹೆಂಗ ಬೇಕೋ ಹಂಗ," ಎಂದ.

ಮೂವತ್ತರ ಆಸುಪಾಸಿನವನು. ಅಂಗಿಯ ತೋಳಿಗೆ ಹತ್ತಿಯ ಎಳೆ ಅಂಟಿತ್ತು. ನಗುವಾಗ ಎಡಗಣ್ಣು ಮೊದಲು ನಗುತ್ತಿತ್ತು, ಬಲಗಣ್ಣು ಆಮೇಲೆ. ಇಷ್ಟನ್ನೆಲ್ಲ ಗಮನಿಸುವಷ್ಟು ಹೊತ್ತು ನಾನು ಅವನನ್ನು ಯಾಕೆ ನೋಡುತ್ತ ನಿಂತೆನೋ ಗೊತ್ತಿಲ್ಲ.

"ನೀವು ಯಾರ್ರಿ?"

"ಅಬ್ಬೋ! ಎದುರಿಗೆ ಬಂದ ಮ್ಯಾಲ ಆಟ ಆಡಾಕತ್ತೀರಿ."

"ಆಟ ಆಡೋ ವಯಸ್ಸಲ್ಲ ನಂದು. ಯಾರು ನೀವು?"

"ವಾಗೀಶ್ ರೀ. ಆಸ್ಪರಿ ವಾಗೀಶ್." ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದಕ್ಕೆ ಹೊರಡಲೋ ಇರಲೋ ಎಂಬ ಅನುಮಾನ ಬಂದಿತ್ತು. "ನೀವೇ ಅಲ್ರಿ ಹೇಳಿದ್ದು, ಶನಿವಾರ ಒಂದೂವರಿ ಬಸ್ಸಿಗೆ ಇಳೀತೀನಿ, ಒಂದ್ಸಲ ಎದುರಾಗಿ ನೋಡೋಣ ಅಂತ?"

ಟೀಚರ್ ಕೆಲಸದಲ್ಲಿ ಒಂದು ಅನುಕೂಲವಿದೆ, ದನಿ ಏರಿಸಲು ಕಷ್ಟಪಡಬೇಕಿಲ್ಲ. ನನ್ನ ದನಿಗೆ ಚಹಾದಂಗಡಿಯ ಬಸವಕ್ಕ ಸೌಟು ಹಿಡಿದುಕೊಂಡೇ ಎದ್ದು ನಿಂತಳು. "ಏಮೈಂದಿ ಟೀಚರಮ್ಮಾ? ಯಾರವನು? ಬರ್ಲೇನು?"

ವಾಗೀಶನ ಮುಖ ಬಿಳಿಚಿಕೊಂಡಿತು. ಓಡಿಹೋಗುತ್ತಾನೆಂದುಕೊಂಡೆ. ಅವನು ಜೇಬಿನಿಂದ ಫೋನ್ ತೆಗೆದು, ಲಾಕ್ ಬಿಚ್ಚಿ, ನನ್ನ ಕೈಗೇ ಕೊಟ್ಟುಬಿಟ್ಟ. "ನೀವೇ ನೋಡ್ರಿ. ಇದು ನೀವಲ್ಲೇನು?"

ಫೇಸ್‌ಬುಕ್ಕಿನಲ್ಲಿ ಪ್ರತಿಮಾ ಆದೋನಿ. ಮೆರೂನ್ ಸೀರೆ, ಒಂದೆಳೆ ಸರ, ಸ್ಟುಡಿಯೋದವನು ಒತ್ತಾಯ ಮಾಡಿ ನಗಿಸಿದ ನಗು. ಹೆಸರು ನನ್ನದು, ಮುಖವೂ ನನ್ನದೇ. ನಾನು ಫೇಸ್‌ಬುಕ್ಕಿನಲ್ಲೇ ಇಲ್ಲ.

ಆ ಫೋಟೊ ಮದುವೆಗೆಂದು ತೆಗೆಸಿದ್ದು. ಅಂಬಮ್ಮತ್ತೆ, ಎಂದರೆ ಅಪ್ಪನ ಅಕ್ಕ, ಅದನ್ನು ಹಿಡಿದುಕೊಂಡು ಎರಡು ವರ್ಷಗಳಿಂದ ನನಗೆ ಗಂಡು ಹುಡುಕುತ್ತಿದ್ದಾಳೆ. ಫೋಟೊ, ಜಾತಕ ಇಟ್ಟ ಹನ್ನೊಂದು ಗಂಡುಗಳ ಕವರು ಬಂದವು. ಹನ್ನೊಂದನ್ನೂ ನಾನು ತೆರೆಯದೆಯೇ ಬೇಡ ಎಂದೆ. ಈ ವಾಗೀಶ ಅದರಲ್ಲಿ ಒಂಬತ್ತನೆಯವನಂತೆ.

"ನಿಮ್ಮ ಅತ್ತಿಯವರು 'ಹುಡುಗಿ ವಿಚಾರ ಮಾಡ್ತಾಳ' ಅಂದಿದ್ರು," ಎಂದ. "ಶ್ರಾವಣದಾಗ ನೀವೇ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ರಿ. ಅಂದ್ರ... ನೀವಲ್ಲ. ಆಕಿ."

ಆಕಿ. ನನ್ನ ಮುಖ ಹೊತ್ತುಕೊಂಡು ನಾಲ್ಕು ತಿಂಗಳು ಇವನ ಜೊತೆ ಮಾತಾಡಿದವಳು. ನನಗೆ ಮೈಯೆಲ್ಲ ಉರಿದುಹೋಯಿತು. ಬಸವಕ್ಕನ ಬೆಂಚಿನ ಮೇಲೆ ಕೂತು ಮೊದಲಿನಿಂದ ಓದತೊಡಗಿದೆ. ಅವನು ಎರಡು ಮಾರು ದೂರದಲ್ಲಿ, ಶಿಕ್ಷೆಗೆ ನಿಂತ ಹುಡುಗನಂತೆ ನಿಂತಿದ್ದ.

ಆಕೆ ಕನ್ನಡವನ್ನು ತೆಲುಗು ಅಕ್ಷರದಲ್ಲಿ ಬರೆಯುತ್ತಿದ್ದಳು. ನಮ್ಮ ಕಡೆ ಮನೆಯ ಮಾತು ಕನ್ನಡ, ಓದಿದ್ದು ತೆಲುಗು ಶಾಲೆಯಲ್ಲಿ ಎನ್ನುವವರೆಲ್ಲ ಹಾಗೇ. ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸುವ ನಾನು ಹಾಗೆ ಬರೆಯುತ್ತೇನೆಯೇ? "ಇಷ್ಟಾದ್ರೂ ನಿಮಗ ಹೊಳೀಲಿಲ್ಲೇನು?" ಎಂದು ಗದರಿದೆ.

"ನಾನೂ ಹಂಗ ಬರೀತೀನಲ್ರಿ," ಎಂದ ಪಾಪದವನು.

ಇವನು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಗುಣ ನೋಡುವ ಕೆಲಸದವನು. ಬರೆದಿದ್ದೂ ಹಾಗೆಯೇ, ಮೆತ್ತಗೆ, ಎಳೆ ಎಳೆಯಾಗಿ. 'ಇವತ್ತು ಒಂದು ಹತ್ತಿ ಬಂದಿತ್ತು, ಕೈಯಾಗ ಹಿಡಿದ್ರ ಇಲ್ಲವೇ ಇಲ್ಲ ಅನ್ನಂಗ ಇತ್ತು. ನಿಮಗ ತೋರಿಸಬೇಕನಿಸ್ತು. ಒಂದು ಹಿಡಿ ತೆಗೆದು ಇಟ್ಟೀನಿ.' ಇನ್ನೊಂದು ದಿನ: 'ಮಂತ್ರಾಲಯದ ಹೊಳಿ ದಂಡಿಗೆ ನಿಮ್ಮ ಕೈ ಹಿಡ್ಕೊಂಡು ಸುಮ್ಮನ ಕೂಡ್ರಬೇಕನಸ್ತೈತಿ.'

ಅದಕ್ಕೆ ಆಕೆಯ ಉತ್ತರ: 'ಹೊಳಿಗೆ ಈಗ ನೀರು ಭಾಳ ಬಂದೈತಿ. ಹುಷಾರು.'

ಸಿಟ್ಟಿನಲ್ಲೂ ನಗು ಬಂತು. ಎಂಥ ಕಲ್ಲಿನಂಥ ಹೆಂಗಸು! ಹೀಗೆ ಬರೆಯುವವನಿಗೆ ಹೀಗೆ ಉತ್ತರ ಕೊಡುವುದೇ? ಒಂದೇ ಪ್ರಶ್ನೆಯನ್ನು ಮೂರು ಸಲ ಬೇರೆ ಕೇಳಿದ್ದಳು. ಶ್ರಾವಣದಲ್ಲಿ ಒಮ್ಮೆ, ದಸರೆಯ ಹೊತ್ತಿಗೆ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ. 'ನಿಮಗ ಸಿಟ್ಟು ಬಂದ್ರ ಏನ್ ಮಾಡ್ತೀರಿ?'

ಮೊದಲ ಸಲ ಅವನು ಬರೆದಿದ್ದ, 'ಸುಮ್ಮನಿದ್ದುಬಿಡ್ತೀನಿ.' ಎರಡನೇ ಸಲ, 'ಗಾಡಿ ತಗೊಂಡು ಊರ ಹೊರಗ ಒಂದು ಸುತ್ತು ಹೋಗಿಬರ್ತೀನಿ.' ಮೂರನೇ ಸಲ, 'ನಿಜ ಹೇಳ್ಲೇನ್ರಿ? ನನಗ ಸಿಟ್ಟು ಬಂದ್ರ ಅಳು ಬರ್ತೈತಿ. ಯಾರಿಗೂ ಹೇಳಿಲ್ಲ.'

ಕತ್ತೆತ್ತಿ ನೋಡಿದೆ. ಅವನು ಅವಸರವಾಗಿ ಬಸ್ಸುಗಳ ಬೋರ್ಡು ಓದತೊಡಗಿದ.

ಇನ್ನೊಂದು ಮೆಸೇಜಿನ ಹತ್ತಿರ ಬಂದಾಗ ಮಾತ್ರ ನನ್ನ ಬೆರಳು ನಿಂತುಹೋಯಿತು. ಆಕೆ ಬರೆದಿದ್ದಳು: 'ನಾನು ಹೋದ್ರ ಅಪ್ಪ ಒಬ್ಬರೇ ಕುಂತು ಉಣ್ಣಬೇಕಾಗ್ತೈತಿ. ಅದಕ್ಕ ಬಂದ ಗಂಡೆಲ್ಲ ಬ್ಯಾಡ ಅಂತೀನಿ. ಇದು ಅಪ್ಪಗ ಗೊತ್ತಿಲ್ಲ.'

ಇದನ್ನು ನಾನು ಯಾರಿಗೂ ಹೇಳಿಲ್ಲ. ಅಂಬಮ್ಮತ್ತೆಗೂ ಇಲ್ಲ, ಶಾಲೆಯ ಗೆಳತಿಯರಿಗೂ ಇಲ್ಲ. ಅವ್ವ ಹೋದಾಗ ನನಗೆ ಹನ್ನೊಂದು ವರ್ಷ. ಅಂದಿನಿಂದ ಮನೆಯಲ್ಲಿ ಎರಡೇ ತಟ್ಟೆ. ಆ ಎರಡು ಒಂದಾಗುವುದನ್ನು ನೆನೆಸಿಯೇ ಕವರುಗಳನ್ನು ತೆರೆಯದೆ ಬದಿಗಿಡುತ್ತಿದ್ದೆ, ಅಷ್ಟೆ. ನನ್ನೊಳಗಿನದ್ದು ಇವಳಿಗೆ ಹೇಗೆ ಗೊತ್ತಾಯಿತು? ಒಂದು ಗಳಿಗೆ ನನಗೆ ನನ್ನ ಮೇಲೇ ಅನುಮಾನ ಬಂತು.

ಅದಕ್ಕೆ ವಾಗೀಶನ ಉತ್ತರ: 'ಅಪ್ಪನ್ನ ಬಿಟ್ಟು ಬರ್ರಿ ಅಂತ ನಾನು ಕೇಳಂಗಿಲ್ರಿ. ಆಸ್ಪರಿಗೂ ಆದೋನಿಗೂ ಬಸ್ಸಿನಾಗ ಎಷ್ಟು ಹೊತ್ತು? ಊಟಕ್ಕ ನಾನೇ ಬರ್ತೀನಿ. ಮೂರು ತಟ್ಟಿ ಇಡ್ರಿ.'

ಫೋನ್ ಅವನ ಕೈಗೆ ಕೊಟ್ಟೆ. ಸಕ್ಕರೆ ಉಗ್ಗಾಣಿ ಬೆಂಚಿನ ಮೇಲೆ ಆರಿಹೋಗಿತ್ತು. ಆ ಪ್ರತಿಮಾಳಿಗೆ ಇಂಥ ಮಾತು ನಾಲ್ಕು ತಿಂಗಳು ಸಿಕ್ಕಿತ್ತು, ಈ ಪ್ರತಿಮಾಳಿಗೆ ಸಿಕ್ಕಿದ್ದು ಒಂದು ತಣ್ಣನೆಯ ಪೊಟ್ಟಣ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ನನ್ನದೇ ಹೆಸರಿನವಳ ಮೇಲೆ.

"ಪೊಲೀಸ್ ಕಂಪ್ಲೇಂಟ್ ಕೊಡೋಣ್ರಿ," ಎಂದ ಅವನು. "ಆಕಿ ಆಗಿರ್ಲಿ, ಅವನಾಗಿರ್ಲಿ, ಬಿಡಂಗಿಲ್ಲ. ನಿಮ್ಮ ಹೆಸರಿಗೆ ಹಿಂಗ ಮಾಡಿದ್ದು ನನಗ ತಡಿಯಾಕಾಗವಲ್ದು."

"ಮೊದಲು ಯಾರಂತ ನಾವೇ ನೋಡೋಣ."

ಹಾಗೆ ಶನಿವಾರಗಳು ಶುರುವಾದವು. ನನ್ನ ನಂಬರು ಅವನಿಗೆ ಕೊಟ್ಟೆ, ತನಿಖೆಗೆಂದೇ. ಮೊದಲ ಅನುಮಾನ ಅಂಬಮ್ಮತ್ತೆಯ ಮೇಲೆ. ಅವಳ ಫೋನ್ ನೋಡಿದರೆ ಗುಂಡಿ ಒತ್ತುವ ಹಳೇ ಡಬ್ಬಿ. ಅದರಲ್ಲಿ ಅವಳು ನಂಬರು ಒತ್ತಲಿಕ್ಕೂ ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಎರಡನೇ ಶನಿವಾರ ವಾಗೀಶ ನನ್ನೆದುರಿಗೇ ಆಕೆಗೆ ಮೆಸೇಜು ಹಾಕಿದ. 'ಅವತ್ತು ಮಿಲ್ಲಿನಾಗ ಕೆಲಸ ಬಿತ್ತು, ಬರಾಕಾಗ್ಲಿಲ್ಲ. ಈಗೇನು ಮಾಡಾಕತ್ತೀರಿ?'

ಬಜ್ಜಿ ಕಚ್ಚುತ್ತ ಕೂತಿದ್ದ ನನ್ನ ಮುಂದೆ ಉತ್ತರ ಬಂತು: 'ಮಕ್ಕಳ ನೋಟ್‌ಬುಕ್ ತಿದ್ದಾಕತ್ತೀನಿ.'

"ನೋಡ್ರಿ ಎಷ್ಟು ಕಷ್ಟಪಡ್ತಾಳ ಆಕಿ," ಎಂದ ವಾಗೀಶ, ಮುಖ ಗಂಭೀರ ಮಾಡಿ. "ನೀವು ಬಜ್ಜಿ ತಿನ್ನಾಕತ್ತೀರಿ."

"ಹಂಗಾರ ಆಕೀನ್ನೇ ಮಾಡ್ಕೊರಿ."

"ಆಕಿಗೆ ಸಿಟ್ಟು ಕಡಿಮಿ, ಖರೇ. ಆದ್ರ ಆಕಿ ಹಿಂಗ ನೋಡಂಗಿಲ್ಲ."

"ಹಿಂಗಂದ್ರ ಹೆಂಗ?"

"ಈಗ ನೋಡಿದ್ರಲ್ಲ, ಹಂಗ."

ನಾನು ಹೇಗೆ ನೋಡಿದೆನೋ ನನಗೆ ಕಾಣಲಿಲ್ಲ. ಕಿವಿ ಬಿಸಿಯಾದದ್ದು ಮಾತ್ರ ಗೊತ್ತಾಯಿತು. ಮನೆಗೆ ಬಂದು ಯೋಚಿಸಿದರೆ ತಲೆ ಗೋಜಲು. ಇವನು ಇಷ್ಟಪಟ್ಟಿದ್ದು ಆಕೆಯ ಮಾತನ್ನೋ, ನನ್ನ ಮುಖವನ್ನೋ? ನಾನು ಇಷ್ಟಪಡುತ್ತಿರುವುದು ಬೆಂಚಿನ ಮೇಲಿನವನನ್ನೋ, ಇನ್ನೊಬ್ಬಳಿಗೆ ಬರೆದವನನ್ನೋ? ಇಷ್ಟಪಡುತ್ತಿದ್ದೇನೆ ಎಂಬುದರಲ್ಲಿ ಮಾತ್ರ ಗೊಂದಲ ಇರಲಿಲ್ಲ.

ಆ ವಾರ ಬುಧವಾರ ಶಾಲೆಗೆ ರಜೆ. ಅಪ್ಪ ಕನ್ನಡಕ ಮರೆತು ಹೋಗಿದ್ದ, ಕೊಟ್ಟುಬರಲು ಮಾರ್ಕೆಟ್ ಯಾರ್ಡಿಗೆ ಹೋದೆ. ಅಪ್ಪ ಚಂದ್ರಣ್ಣ ಆದೋನಿಯಲ್ಲಿ ಮೂವತ್ತು ವರ್ಷಗಳಿಂದ ಹತ್ತಿ ಕೊಳ್ಳುವ ವ್ಯಾಪಾರಿ. ದಾರಿಯಲ್ಲಿ ವಾಗೀಶನ ಮೆಸೇಜು ಬಂತು: 'ಮುಂಜಾನೆಯಿಂದ ಆಕಿ ಉತ್ತರಾನೇ ಇಲ್ರಿ. ಹುಷಾರಾದ್ಲೇನು?'

ಯಾರ್ಡಿನ ತುಂಬ ಹತ್ತಿಯ ರಾಶಿ. ಅಪ್ಪ ಒಂದು ರಾಶಿಯ ಮುಂದೆ ನಿಂತಿದ್ದ. ಮೇಲಿನ ಹತ್ತಿಯಿಂದ ಒಂದು ಚಿಟಿಕೆ ತೆಗೆದು ಎರಡು ಹೆಬ್ಬೆರಳುಗಳ ನಡುವೆ ಎಳೆದು ನೋಡಿದ. ಏನೂ ಅನ್ನಲಿಲ್ಲ. ಆಮೇಲೆ ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಒಂದು ಹಿಡಿ ತೆಗೆದ. ಕೊನೆಗೆ ಮಂಡಿಯೂರಿ ಕೂತು ಬುಡಕ್ಕೆ ಕೈ ಹಾಕಿದ. ಚಿಕ್ಕಂದಿನಿಂದ ನೋಡಿದ ನೋಟ. ಮಾರುವವರು ಒಳ್ಳೆಯದನ್ನು ಮೇಲೆ ಹಾಕಿರುತ್ತಾರೆ, ಆದ್ದರಿಂದ ಮೂರು ಕಡೆಯಿಂದ ಮಾದರಿ ತೆಗೆಯದೆ ನನ್ನ ಅಪ್ಪ ಹತ್ತಿ ಕೊಂಡವನಲ್ಲ.

ಮೂರು ಕಡೆ. ಶ್ರಾವಣ, ದಸರೆ, ದೀಪಾವಳಿ. ಒಂದೇ ಪ್ರಶ್ನೆ.

ನನ್ನ ಕಾಲು ಅಲ್ಲೇ ನಿಂತವು. ಇರಲಾರದು ಎಂದುಕೊಂಡು ಹತ್ತಿರ ಹೋಗಿ ಕನ್ನಡಕ ಕೊಟ್ಟೆ. "ಬಂದೇನವ್ವಾ? ಇದಿಲ್ದ ಮುಂಜಾನಿಂದ ಕುರುಡ ಆಗಿದ್ದೆ," ಎಂದು ಕನ್ನಡಕ ಏರಿಸಿಕೊಂಡ ಅಪ್ಪ, ಸ್ವಲ್ಪ ಆಚೆ ಹೋಗಿ ಫೋನ್ ತೆಗೆದ. ತುಟಿ ಅಲುಗಾಡಿಸುತ್ತ, ಒಂದೇ ಬೆರಳಿನಿಂದ ಏನೋ ಒತ್ತಿದ. ನನ್ನ ಕೈಯಲ್ಲಿ ಫೋನ್ ನಡುಗಿತು. ವಾಗೀಶ: 'ಈಗ ಬಂತು ನೋಡ್ರಿ ಆಕಿ ಉತ್ತರ! ಮನ್ಯಾಗ ಕೆಲಸ ಇತ್ತಂತ.'

ಅಂಗಡಿಯ ಗಾದಿಯ ಮೇಲೆ ಅಪ್ಪ ಕೂರುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಿಲ್ಲ.

"ನನ್ನ ಹೆಸರು, ನನ್ನ ಮುಖ ಹಾಕ್ಕೊಂಡು ಪರ ಗಂಡಸಿನ ಜೊತಿ ನಾಲ್ಕು ತಿಂಗಳು ಮಾತಾಡಿಯಲ್ಲಪ್ಪಾ! ಹೊರಗಿನವ ಮಾಡಿದ್ರ ಸ್ಟೇಷನ್ನಿಗೆ ಕೂಡ್ರಿಸ್ತಿದ್ದೆ. ನಿನಗ ಏನು ಮಾಡ್ಲಿ?"

ಅಪ್ಪ ಸುಳ್ಳು ಹೇಳಲು ಪ್ರಯತ್ನಿಸಲೂ ಇಲ್ಲ. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದ. "ಅಕೌಂಟು ಮಗ್ಗಲ ಅಂಗಡಿ ಮೌಲಾಲಿ ಮಾಡಿಕೊಟ್ಟ. ಮಗಳಿಗೆ ಬೇಕಂತ ಹೇಳಿದ್ದೆ, ಪಾಪ ಅವನಿಗೇನೂ ಗೊತ್ತಿಲ್ಲ. ನೀನು ಒಂದು ಕವರೂ ಬಿಚ್ಚಲಿಲ್ಲ. ಬಿಚ್ಚಿದ್ರ ತಾನೇ ಒಳಗ ಏನೈತಿ ಗೊತ್ತಾಗೋದು? ಅದಕ್ಕ ನಾನೇ ನೋಡಿದೆ."

"ಮನಷಾ ಹತ್ತಿ ರಾಶೇನಪ್ಪಾ?"

"ಅಲ್ಲ. ಆದ್ರ ನನಗ ಬರೋದು ಅದೊಂದೇ ಕೆಲಸ." ಕನ್ನಡಕ ಮತ್ತೆ ಏರಿಸಿಕೊಂಡು ಹೇಳಿದ: "ಹುಡುಗ ಬುಡದಾಗ ಇನ್ನೂ ಚೊಲೋ ಅದಾನ. ಎದುರಿಗೆ ನೋಡ್ಬೇಕು ಅಂತ ಹಟ ಹಿಡಿದ. ನಿನಗ ಹೆಂಗ ಹೇಳ್ಬೇಕು ತಿಳೀಲಿಲ್ಲ. ಬಸ್ಸಿನ ಟೈಮ್ ಹೇಳಿಬಿಟ್ಟೆ."

"ನೀನು ಒಬ್ನೇ ಉಣ್ಣಬೇಕಾಗ್ತೈತಿ ಅಂತ ನಾನು... ಅದು ನಿನಗ ಯಾರು ಹೇಳಿದ್ರು?"

"ಮನ್ಯಾಗ ಇರೋರು ಇಬ್ರು," ಎಂದ ಅಪ್ಪ. "ಯಾರು ಹೇಳ್ಬೇಕು?"

ನನ್ನ ಸಿಟ್ಟು ಇಳಿಯಲಿಲ್ಲ. ಅಳು ಮತ್ತು ಸಿಟ್ಟು ಒಟ್ಟಿಗೆ ಬರುವುದು ಇದೇ ಎಂದುಕೊಂಡು ಹೊರಗೆ ಬಂದುಬಿಟ್ಟೆ.

ಶನಿವಾರ ವಾಗೀಶ ಕಂಪ್ಲೇಂಟ್ ಬರೆದುಕೊಂಡೇ ಬಂದಿದ್ದ. ನನ್ನ ಸಹಿಯೊಂದು ಬಾಕಿ. ಹೇಳದೆ ಇರಬಹುದಿತ್ತು. ಅಪ್ಪನಿಗೆ ಅಕೌಂಟ್ ಅಳಿಸಲು ಹೇಳಿ, ಯಾರೋ ಕಿಡಿಗೇಡಿ ಎಂದು ಸುಮ್ಮನಾಗಬಹುದಿತ್ತು. ಆದರೆ ನನ್ನ ಹೆಸರಿನಲ್ಲಿ ಇವನಿಗೆ ಆಗಲೇ ಸಾಕಷ್ಟು ಸುಳ್ಳು ಹೇಳಲಾಗಿತ್ತು. ನಾನೂ ಒಂದು ಸೇರಿಸಲಾರೆ.

ಹೇಳಿದೆ.

ಮೊದಲು ಅವನ ಕಿವಿ ಕೆಂಪಾದವು, ಆಮೇಲೆ ಕುತ್ತಿಗೆ. "ಹೊಳಿ ದಂಡಿಗೆ ಕೈ ಹಿಡ್ಕೊಂಡು... ಅದನ್ನ ಚಂದ್ರಣ್ಣ ಸಾವ್ಕಾರ್ರು ಓದಿದ್ರು?"

"ಹೂಂ."

"ಸಿಟ್ಟು ಬಂದ್ರ ಅಳು ಬರ್ತೈತಿ ಅಂದಿದ್ದು?"

"ಹೂಂ."

"ಹಂಗಾರ ನಾನು ಬರೆದದ್ದು ಯಾರಿಗ್ರಿ?" ಅವನ ದನಿ ಸಣ್ಣದಾಯಿತು. "ಮುಖ ನಿಮ್ದು. ಮಾತು ಅವರ್ದು. ನಡುವ ನಾನೊಬ್ಬ ಹುಚ್ಚನಂಗ ಎಲ್ಲಾ ಬಿಚ್ಚಿಟ್ಟೆ. ಆಕಿ ಇಲ್ಲವೇ ಇಲ್ಲ."

ನಾನಿದ್ದೇನೆ ಎಂದು ಹೇಳಬೇಕಿತ್ತು. ಶಾಲೆಯಲ್ಲಿ ನಲವತ್ತು ಮಕ್ಕಳ ಮುಂದೆ ಮಾತಾಡುವ ನನಗೆ ಆ ಒಂದು ಮಾತು ಬರಲಿಲ್ಲ. ಅವನು ಕಂಪ್ಲೇಂಟಿನ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಆಸ್ಪರಿ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತರೂ ಈ ಕಡೆ ನೋಡಲಿಲ್ಲ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಬಸವಕ್ಕ ಎರಡು ಲೋಟ ಚಹಾ ಸುರಿದು, ಒಂದನ್ನು ತಾನೇ ಕುಡಿದಳು. "ಹುಡುಗ ಏಡಮ್ಮಾ, ಎಲ್ಲಿ ಹೋದ?" ಎಂದಳು. ನನ್ನ ಫೋನಿನಲ್ಲಿ ಅವನ ಹೆಸರಿನ ಮುಂದೆ ಒಂದು ಸಾಲು ಬರೆದು ಅಳಿಸಿದೆ, ಮತ್ತೆ ಬರೆದು ಅಳಿಸಿದೆ. ನಾನು ಏನು ಬರೆದರೂ ಅದು ನಾನೇ ಎಂದು ಅವನು ಯಾಕೆ ನಂಬಬೇಕು? ಅವನು ಬೇಕು ಎಂದು ಮನಸ್ಸು ಹಟ ಹಿಡಿದಿತ್ತು, ಮಕ್ಕಳು ಹಿಡಿಯುವಂತೆ, ಕಾರಣವಿಲ್ಲದೆ.

ಅದಾದ ವಾರ ಶುಕ್ರವಾರ ಸಂಜೆ ಅಪ್ಪ ಮನೆಗೆ ಬರುವಾಗ ಪೊಟ್ಟಣ ತಂದ. ರಾಜಿ ಮಾಡಿಕೊಳ್ಳಲು ತಂದದ್ದು. ಬಿಚ್ಚಿದೆ. ಉಗ್ಗಾಣಿ, ಮೇಲೆ ಸಕ್ಕರೆ.

"ಅಪ್ಪಾ, ನಾನು ಇದನ್ನ ತಿನ್ನೋದು ಬಿಟ್ಟು ಹದಿನಾರು ವರ್ಷ ಆತು! ಅವ್ವ ಹಾಕಿಕೊಡ್ತಿದ್ಲು, ತಿಂತಿದ್ದೆ. ಆಕಿ ಹೋದ ಮ್ಯಾಲ ಒಂದು ದಿನಾನೂ ತಿಂದಿಲ್ಲ. ಬಜ್ಜಿ ಬೇಕು ನನಗ. ಖಾರ ಬೇಕು."

ಅಪ್ಪ ನಿಂತಲ್ಲೇ ನಿಂತ. ನನ್ನನ್ನು ನೋಡಿದ, ಪೊಟ್ಟಣವನ್ನು ನೋಡಿದ. "ನನಗ ಗೊತ್ತೇ ಆಗಲಿಲ್ಲವ್ವಾ," ಎಂದ. ಆಮೇಲೆ ಗೋಡೆಗೆ ಒರಗಿ ಕೂತು, ಸಕ್ಕರೆ ಹಾಕಿದ ಉಗ್ಗಾಣಿಯನ್ನು ತಾನೇ ಒಂದೊಂದು ಹಿಡಿ ತಿಂದ. ನಾನು ಅವನ ಪಕ್ಕ ಕೂತೆ. ಹಾಗೆ ಕೂತದ್ದು ಆ ತಿಂಗಳಲ್ಲಿ ಅದೇ ಮೊದಲು.

ಮರುದಿನ ಬಸ್ಸಿನಿಂದ ಇಳಿದಾಗ ವಾಗೀಶ ಬಸವಕ್ಕನ ಬೆಂಚಿನ ಮೇಲೆ ಕೂತಿದ್ದ. ನನ್ನ ಎದೆಯ ಬಡಿತ ಬಸವಕ್ಕನಿಗೂ ಕೇಳಿಸಿರಬೇಕು, ಅವಳು ಆಚೆ ತಿರುಗಿ ಸುಮ್ಮಸುಮ್ಮನೆ ಹಾಲು ಕಲಕತೊಡಗಿದಳು.

ಅವನು ಫೋನ್ ಚಾಚಿದ. "ನಿನ್ನೆ ಸಂಜಿ ಬಂತು. ಓದ್ರಿ."

ಮೆರೂನ್ ಸೀರೆಯ ಪ್ರತಿಮಾ ತೆಲುಗು ಅಕ್ಷರದಲ್ಲಿ ಬರೆದಿದ್ದಳು: 'ತಮ್ಮಾ ವಾಗೀಶಾ, ನಾನು ಚಂದ್ರಣ್ಣ. ತಪ್ಪು ಮಾಡಿದೆ. ಮಗಳು ಅಂದ್ರ ನನಗೆಲ್ಲಾ ಗೊತ್ತು ಅಂತ ಆಕಿ ಹೆಸರಿನಾಗ ಬರೆದೆ. ಆಕಿ ಸಕ್ರಿ ಬಿಟ್ಟು ಹದಿನಾರು ವರ್ಷ ಆತಂತ, ನನಗ ಇವತ್ತು ಗೊತ್ತಾತು. ನಾನು ಹೇಳಿದ್ರಾಗ ಇನ್ನ ಎಷ್ಟು ತಪ್ಪು ಅದಾವೋ. ಉಳಿದದ್ದು ಆಕೀನ್ನೇ ಕೇಳಿ ತಿಳ್ಕೊ. ನಾನು ಇದನ್ನ ಮುಚ್ಚಾಕತ್ತೀನಿ.'

ಅದರ ಕೆಳಗೆ ಏನೂ ಇರಲಿಲ್ಲ. ನಾನು ನೋಡುತ್ತಿದ್ದಂತೆ ಅಕ್ಷರಗಳು ಮಂಜಾದವು.

"ಎರಡು ವಾರ ಸಿಟ್ಟು ಬಂದಿತ್ರಿ," ಎಂದ ವಾಗೀಶ. "ನಾನು ಸಿಟ್ಟು ಬಂದ್ರ ಏನ್ ಮಾಡ್ತೀನಿ ಅಂತ ನಿಮ್ಮ ಮನ್ಯಾಗ ಎಲ್ರಿಗೂ ಗೊತ್ತೈತಿ."

ಅಳುವಿನ ನಡುವೆ ನಕ್ಕುಬಿಟ್ಟೆ. ಅವನ ಎಡಗಣ್ಣು ನಕ್ಕಿತು, ಆಮೇಲೆ ಬಲಗಣ್ಣು.

"ಆಕಿ ಇಲ್ಲ ಅಂದ್ರಿ ಅವತ್ತು," ಎಂದೆ. "ಆಕಿ ಇಲ್ಲ, ಖರೇ. ನಾನು ಅದೀನಿ. ನನಗ ಸಿಟ್ಟು ಜಾಸ್ತಿ, ಆಕಿ ಬರೆದಂಗ ಗುಡುಗಿಗೆ ಹೆದರಾಕಿ ಅಲ್ಲ, ನೋಟ್‌ಬುಕ್ ತಿದ್ದೋದು ಅಂದ್ರ ಬ್ಯಾಸರ. ನೀವು ಎರಡು ವಾರ ಬರ್ಲಿಲ್ಲಂತ ಊಟ ಸೇರಿಲ್ಲ. ನೀವು ಬೇಕು ನನಗ. ಇಷ್ಟು ನಾನೇ ಹೇಳಿದ್ದು, ನನ್ನ ಬಾಯಿಲೆ."

ಅವನು ಪಕ್ಕದಲ್ಲಿಟ್ಟಿದ್ದ ಪೊಟ್ಟಣ ಬಿಚ್ಚಿದ. ಉಗ್ಗಾಣಿ, ಮೇಲೆ ನಾಲ್ಕು ಮೆಣಸಿನಕಾಯಿ ಬಜ್ಜಿ. ನಾನು ಒಂದನ್ನು ಕಚ್ಚಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಈಗ ಒಂದು ನೆಪ ಸಿಕ್ಕಿತು.

"ಒಂದು ಕೇಳ್ಲೇನ್ರಿ?" ಎಂದ. "ನಿಮಗ ಸಿಟ್ಟು ಬಂದ್ರ ಏನ್ ಮಾಡ್ತೀರಿ?"

"ಬಸ್‌ಸ್ಟ್ಯಾಂಡಿನಾಗ ಎಲ್ಲಾರ ಮುಂದ ಒದರ್ತೀನಿ."

"ಅದು ಮ್ಯಾಲಿನ ಹತ್ತಿ. ನಾನು ಮೂರು ಸಲ ಕೇಳಾಂವ."

"ಎರಡನೇ ಸಲ ಮುಂದಿನ ಶನಿವಾರ ಕೇಳ್ರಿ, ಇಲ್ಲೇ."

"ಮೂರನೇ ಸಲ?"

ಅವನ ತೋಳಿನ ಮೇಲೆ ಅಂಟಿದ್ದ ಹತ್ತಿಯ ಎಳೆಯನ್ನು ತೆಗೆದೆ. ಬೆರಳು ಅವನ ಕೈ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ತೆಗೆಯಲಿಲ್ಲ.

"ಮೂರನೇ ಸಲ ಮನ್ಯಾಗ ಕೇಳ್ರಿ," ಎಂದೆ. "ಊಟಕ್ಕ ಬರ್ರಿ. ಮೂರು ತಟ್ಟಿ ಇಡ್ತೀನಿ."